ಕಡಿಮೆ ದುಡ್ಡಿನ ಪಿಕಪ್: ಕೊಡಗಿನ ಗಿಟಾರ್ ಮಂದಿಗೆ

ಅಗ್ಗದ ಎಲೆಕ್ಟ್ರಿಕ್ ಗಿಟಾರ್ ಕೊಂಡವರದ್ದು ಸಾಮಾನ್ಯವಾಗಿ ಎರಡು ದೂರು. ಸದ್ದು ಮಂಕು, ಮತ್ತು ಆಂಪ್ ಹಾಕಿದ ಕೂಡಲೇ ಗುಂಯ್‌ಗುಡುತ್ತದೆ. ಎರಡಕ್ಕೂ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ, ಬದಲಿಸುವುದೇ ಮದ್ದು ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಮಾತು ಅರ್ಧ ನಿಜ. ಕೊಡಗಿನಲ್ಲಿ ಕೂತು ಈ ಕೆಲಸಕ್ಕೆ ಕೈ ಹಾಕುವವರಿಗೆ ಇನ್ನೊಂದು ತೊಡಕಿದೆ: ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಬೆಂಗಳೂರು ಅದರ ಎರಡು ಪಾಲು. ಕೊರಿಯರ್‌ನಲ್ಲಿ ತರಿಸಿದ ಪಿಕಪ್ ಎರಡು ಮಿಲಿಮೀಟರ್ ಲೆಕ್ಕ ತಪ್ಪಿ ಕೂರದೆ ಹೋದರೆ ವಾಪಸ್ ಕಳಿಸುವ ತಾಪತ್ರಯಕ್ಕೇ ವಾರ ಹೋಗುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಅಳೆಯುವ, ಯೋಚಿಸುವ ಕೆಲಸವೇ ಜಾಸ್ತಿ.

ಇಲ್ಲಿ ಅಗ್ಗ ಅಂದರೆ ಮೂರು ಸಿಂಗಲ್ ಕಾಯಿಲ್‌ಗಳ (ಒಂದೇ ಸುರುಳಿಯ ಪಿಕಪ್) ಸೆಟ್ಟಿಗೋ ಎರಡು ಹಂಬಕರ್‌ಗೋ (ಗುಂಯ್ ಅಡಗಿಸಲು ಎರಡು ಸುರುಳಿ ಜೋಡಿಸಿದ ಪಿಕಪ್) ಎರಡರಿಂದ ಐದು ಸಾವಿರ ರೂಪಾಯಿಯ ಒಳಗಿನ ಮಾಲು ಅಂತ ಇಟ್ಟುಕೊಳ್ಳೋಣ. ವಿಲ್ಕಿನ್ಸನ್, ಆರ್ಟೆಕ್, ಟೋನ್‌ರೈಡರ್, ಫ್ಲಿಯೋರ್ ಇಂಥ ಹೆಸರುಗಳು ಈ ಮಾತಿನಲ್ಲಿ ಬರುತ್ತವೆ. ಆದರೆ ಬೆಲೆ ಮಾದರಿಯಿಂದ ಮಾದರಿಗೆ, ತಿಂಗಳಿಂದ ತಿಂಗಳಿಗೆ ಓಲಾಡುತ್ತದೆ. ದೊಡ್ಡ ಹೆಸರಿನ ಒಂದೇ ಒಂದು ಹಂಬಕರ್ ಈ ಪೂರ್ತಿ ಸೆಟ್ಟಿಗಿಂತ ದುಬಾರಿ.

ಆ ದುಡ್ಡು ಹೋಗುವುದೆಲ್ಲಿಗೆ? ಪಿಕಪ್ ಅಂದರೆ ಮ್ಯಾಗ್ನೆಟ್, ಕೂದಲಿಗಿಂತ ತೆಳುವಾದ ತಾಮ್ರದ ವೈರ್ ಸುತ್ತಿದ ಬಾಬಿನ್, ಎರಡು ಲೀಡ್. ಇದರಲ್ಲಿ ಗುಟ್ಟೇನಿಲ್ಲ. ಗಿಬ್ಸನ್ ಗಿಟಾರ್ ಕಂಪನಿಗಾಗಿ ಅದರ ಎಂಜಿನಿಯರ್ ಸೆತ್ ಲವರ್ ಹಂಬಕರ್‌ನ ಪೇಟೆಂಟ್ ಅರ್ಜಿ ಹಾಕಿದ್ದು 1955ರಲ್ಲಿ. ಅದರ ಅವಧಿ ಮುಗಿದು ಕಾಲವಾಯಿತು. ಬದಲಿ ಪಿಕಪ್‌ಗಳ ವ್ಯಾಪಾರವೇ ಡಿಮಾರ್ಜಿಯೋ ಕಂಪನಿಯ ಸೂಪರ್ ಡಿಸ್ಟಾರ್ಷನ್ ಪಿಕಪ್‌ನೊಂದಿಗೆ 1970ರ ದಶಕದಲ್ಲಿ ಬೆಳೆಯಿತು. ಇವತ್ತು ಅದೇ ಮ್ಯಾಗ್ನೆಟ್, ಅದೇ ದಪ್ಪದ ವೈರ್, ಅಷ್ಟೇ ಸುತ್ತು ಚೀನಾದ, ಕೊರಿಯಾದ ಕಾರ್ಖಾನೆಗಳಲ್ಲೂ ಆಗುತ್ತದೆ. ಅಗ್ಗದ ಮಾಲು ಸೋಲುವುದು ಕೊನೆಯ ಕೈಕೆಲಸದಲ್ಲಿ. ಸುತ್ತು ಅಲುಗದಂತೆ ಹಿಡಿಯುವ ಮೇಣ ಸರಿಯಾಗಿ ಕುಡಿದಿರುವುದಿಲ್ಲ, ಲೀಡ್‌ನ ಬೆಸುಗೆ ಹಗುರ, ಕವರ್ ಹಿತ್ತಾಳೆಯದು, ಒಂದು ಪೀಸಿಗೂ ಇನ್ನೊಂದಕ್ಕೂ ಅಳತೆ ಹೊಂದುವುದಿಲ್ಲ. ಇವುಗಳಲ್ಲಿ ಮುಕ್ಕಾಲು ಪಾಲನ್ನು ಮನೆಯಲ್ಲೇ ಸರಿಮಾಡಬಹುದು. ಉಳಿತಾಯ ಇರುವುದೂ ಅಲ್ಲೇ.

ಅದಕ್ಕೂ ಮುಂಚೆ ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ಪೋಲ್‌ಪೀಸಿನ (ಪಿಕಪ್ ಮೇಲೆ ತಂತಿಯ ಕೆಳಗೆ ಕಾಣುವ ಲೋಹದ ಗುಂಡಿ) ತಲೆಗೂ ತಂತಿಯ ಅಡಿಗೂ ಇರುವ ಅಂತರ ಅಳೆಯಿರಿ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಥರದ ಗಿಟಾರಿನಲ್ಲಿ ದಪ್ಪ ತಂತಿಯ ಕಡೆ 2.4 ಮಿ.ಮೀ., ತೆಳು ತಂತಿಯ ಕಡೆ 2 ಮಿ.ಮೀ. ಶುರುಮಾಡಲು ಒಳ್ಳೆಯ ಅಳತೆ. ಹಂಬಕರ್‌ಗೆ ನೆಕ್‌ನಲ್ಲಿ 2.4, ಬ್ರಿಡ್ಜ್‌ನಲ್ಲಿ 1.6. ಕಾರ್ಖಾನೆಯಿಂದ ಬಂದ ಅಗ್ಗದ ಗಿಟಾರುಗಳಲ್ಲಿ ಪಿಕಪ್ 4-5 ಮಿ.ಮೀ. ಕೆಳಗೆ ಮುಳುಗಿ ಕೂತಿರುವುದುಂಟು. ಸದ್ದಿಗೆ ಕಸುವಿಲ್ಲ ಅನ್ನುವ ದೂರು ಎಷ್ಟೋ ಸಲ ಇಷ್ಟಕ್ಕೇ ತೀರುತ್ತದೆ. ಹಾಗಂತ ಅತಿಯಾಗಿ ಏರಿಸಲೂಬಾರದು. ಅಲ್ನಿಕೋ 5 (ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಮ್ಯಾಗ್ನೆಟ್) ರಾಡ್ ಇರುವ ಸಿಂಗಲ್ ಕಾಯಿಲ್ ತಂತಿಯನ್ನೇ ಎಳೆಯುತ್ತದೆ. ದಪ್ಪ ಇ ತಂತಿಯನ್ನು ಹನ್ನೆರಡನೇ ಫ್ರೆಟ್‌ನ ಮೇಲೆ ನುಡಿಸಿದರೆ ಸ್ವರ ಎರಡಾಗಿ ನಡುಗುತ್ತದೆ, ಟ್ಯೂನ್ ಮಾಡಿದರೂ ಕೂರುವುದಿಲ್ಲ. ಬ್ರಿಡ್ಜಿನ ಇಂಟೊನೇಷನ್ (ಫ್ರೆಟ್‌ಗಳ ಮೇಲಿನ ಸ್ವರಶುದ್ಧಿ) ಕೆಟ್ಟಿದೆ ಅಂತ ತಿರುಗಿಸುತ್ತಾ ಕೂರುವವರು ನೆಕ್ ಪಿಕಪ್ಪನ್ನು ಅರ್ಧ ಮಿಲಿಮೀಟರ್ ಇಳಿಸಿ ನೋಡಬೇಕು.

ಆಮೇಲೆ ಪಾಟ್, ಅಂದರೆ ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ತಿರುಗುವ ರೆಸಿಸ್ಟರ್. ವಾಲ್ಯೂಮ್ ಪಾಟಿನ ಬೆನ್ನ ಮೇಲೆ ಎ250ಕೆ, ಬಿ500ಕೆ ಅಂತ ಬರೆದಿರುತ್ತದೆ. ಹಂಬಕರ್ ಗಿಟಾರಿಗೆ 250 ಕಿಲೋ ಓಂನ ಪಾಟ್ ಹಾಕಿದ್ದರೆ ಟ್ರೆಬಲ್ ಗ್ರೌಂಡಿಗೆ ಸೋರಿಹೋಗುತ್ತದೆ. 500ರ ಪಾಟ್ ಹಾಕಿದರೆ ಪಿಕಪ್ ಬದಲಿಸಿದಷ್ಟೇ ವ್ಯತ್ಯಾಸ ಕೇಳುತ್ತದೆ, ಖರ್ಚು ನೂರಿನ್ನೂರು ರೂಪಾಯಿ. ಮೂರನೆಯದು ಕೇಬಲ್. ಸಾಧಾರಣ ಕೇಬಲ್ ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟು ಕೆಪಾಸಿಟನ್ಸ್ (ಟ್ರೆಬಲ್ ತಿನ್ನುವ ಗುಣ) ಹೊತ್ತಿರುತ್ತದೆ. ಕೋಣೆಯಲ್ಲಿ ನುಡಿಸಲು 10 ಮೀಟರ್ ಕೇಬಲ್ ಎಳೆದುಕೊಂಡು ಮಂಕು ಅಂದರೆ ಪಿಕಪ್ ಏನು ಮಾಡೀತು?

ಇಷ್ಟಾದ ಮೇಲೂ ಬದಲಿಸಲೇಬೇಕು ಅನ್ನಿಸಿದರೆ ಮಾರಾಟದ ಪುಟದಲ್ಲಿರುವ ಅಂಕಿಗಳನ್ನು ಓದಲು ಬರಬೇಕು. ಎಲ್ಲರೂ ನೋಡುವುದು ಕಿಲೋ ಓಂ. 16 ಇದ್ದರೆ ಭಾರಿ ಪಿಕಪ್, 6 ಇದ್ದರೆ ಸಪ್ಪೆ ಅನ್ನುವ ಲೆಕ್ಕ. ಆ ಅಂಕಿ ಹೇಳುವುದು ವೈರಿನ ರೆಸಿಸ್ಟೆನ್ಸ್ ಅಷ್ಟನ್ನೇ. 42ನೇ ಗೇಜಿನ ಬದಲು ಇನ್ನೂ ತೆಳುವಾದ 43ನೇ ಗೇಜ್ ಸುತ್ತಿದರೆ ಸುತ್ತು ಅಷ್ಟೇ ಇದ್ದರೂ ಓಂ ಏರುತ್ತದೆ. ಹವೆ ಬದಲಾದರೂ ಏರಿಳಿಯುತ್ತದೆ: ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಬದಲಾಗುತ್ತದೆ. ಮಧ್ಯಾಹ್ನ 27 ಡಿಗ್ರಿಯಲ್ಲಿ 8 ಕಿಲೋ ಓಂ ತೋರಿಸಿದ ಹಂಬಕರ್, ಮಡಿಕೇರಿಯ ಜನವರಿ ಬೆಳಿಗ್ಗೆ 12 ಡಿಗ್ರಿಯಲ್ಲಿ 7.5ರ ಹತ್ತಿರ ತೋರಿಸುತ್ತದೆ. ಹೇಳಿದ್ದಕ್ಕಿಂತ ಕಮ್ಮಿ ಕೊಟ್ಟಿದ್ದಾರೆ ಅಂತ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಮೊದಲು ಪಿಕಪ್ಪನ್ನು ಅಂಗೈಯಲ್ಲಿ ಹತ್ತು ನಿಮಿಷ ಹಿಡಿದು ಮತ್ತೆ ಅಳೆಯಿರಿ.

ಸದ್ದಿನ ಗುಣವನ್ನು ಹೆಚ್ಚು ನಿರ್ಧರಿಸುವುದು ಇಂಡಕ್ಟನ್ಸ್, ಅಂದರೆ ಕರೆಂಟಿನ ಏರಿಳಿತಕ್ಕೆ ಸುರುಳಿ ಒಡ್ಡುವ ತಡೆ. ಹೆನ್ರಿ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಈ ಇಂಡಕ್ಟನ್ಸ್ ಕೇಬಲ್ಲಿನ ಕೆಪಾಸಿಟನ್ಸ್ ಜೊತೆ ಸೇರಿ ಒಂದು ಫ್ರೀಕ್ವೆನ್ಸಿಯಲ್ಲಿ ಉಬ್ಬು ಹುಟ್ಟಿಸುತ್ತದೆ. ಅದರಿಂದ ಮೇಲಿನದ್ದೆಲ್ಲ ಬೇಗ ಇಳಿದುಹೋಗುತ್ತದೆ. 6 ಮೀಟರ್ ಕೇಬಲ್ ಮತ್ತು ಸುರುಳಿಯದ್ದೇ ಕೆಪಾಸಿಟನ್ಸ್ ಸೇರಿ 700 ಪಿಕೋಫ್ಯಾರಡ್ ಅಂತ ಹಿಡಿದರೆ, 2.3 ಹೆನ್ರಿಯ ಹಳೇ ರೀತಿಯ ಸ್ಟ್ರಾಟ್ ಪಿಕಪ್ಪಿನ ಉಬ್ಬು 4 ಕಿಲೋಹರ್ಟ್ಸ್ ಹತ್ತಿರ ಬರುತ್ತದೆ. ಗಾಜು ತಟ್ಟಿದಂಥ ಹೊಳಪು ಸಿಗುವುದು ಅಲ್ಲಿ. 8 ಹೆನ್ರಿಯ ‘ಹಾಟ್’ ಹಂಬಕರಿನದ್ದು 2.1 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಅದರಲ್ಲಿ ಡಿಸ್ಟಾರ್ಷನ್ ದಪ್ಪವಾಗಿ ಬರುತ್ತದೆ, ಕ್ಲೀನ್ ಕಾರ್ಡ್ ಮಾತ್ರ ಕಂಬಳಿ ಹೊದ್ದಂತೆ. ಪುಟದಲ್ಲಿ ಹೆನ್ರಿ ಕೊಟ್ಟಿಲ್ಲದಿದ್ದರೆ ಮ್ಯಾಗ್ನೆಟ್ ಯಾವುದು, ವೈರ್ ಗೇಜ್ ಎಷ್ಟು, ಓಂ ಎಷ್ಟು, ಈ ಮೂರನ್ನೂ ಒಟ್ಟಿಗೆ ಇಟ್ಟು ಅಂದಾಜು ಮಾಡಬೇಕು. ಈ ಮೂರೂ ಇಲ್ಲದೆ ಬರೀ ‘ವಿಂಟೇಜ್ ಟೋನ್’ ಅಂತ ಬರೆದಿರುವ ಮಾಲನ್ನು ಬಿಟ್ಟುಬಿಡುವುದೇ ಲೇಸು.

ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಗುವುದು ಕೆಳಗಿನ ದರ್ಜೆಯ ಸ್ಟ್ರಾಟ್ ಮಾದರಿಗಳಲ್ಲಿ. ಪಿಕ್‌ಗಾರ್ಡ್ ಬಿಚ್ಚಿ ಮಗುಚಿದರೆ ಗೊತ್ತಾಗುತ್ತದೆ. ಪಿಕಪ್ಪಿನ ಹೊಟ್ಟೆಗೆ ಒಂದೋ ಎರಡೋ ಕಪ್ಪು ಸೆರಾಮಿಕ್ ಪಟ್ಟಿ ಅಂಟಿಸಿದ್ದರೆ, ಮೇಲೆ ಕಾಣುವ ಆರು ಗುಂಡಿಗಳು ಮ್ಯಾಗ್ನೆಟ್‌ಗಳಲ್ಲ, ಬರೀ ಉಕ್ಕಿನ ತುಂಡುಗಳು. ಉಕ್ಕು ಇಂಡಕ್ಟನ್ಸ್ ಏರಿಸುತ್ತದೆ, ಅದರೊಳಗೆ ಸುತ್ತುವ ಎಡ್ಡಿ ಕರೆಂಟ್ ಮೇಲಿನ ಉಬ್ಬನ್ನು ತಟ್ಟಿ ಮಲಗಿಸುತ್ತದೆ. ಇದರ ಜಾಗಕ್ಕೆ ಅಲ್ನಿಕೋ 5 ರಾಡ್ ಇರುವ, 42ನೇ ಗೇಜಿನ, 5.8ರಿಂದ 6.5 ಕಿಲೋ ಓಂನ ಸೆಟ್ ಹಾಕಿದರೆ ಬದಲಾವಣೆ ಎಂಥವರಿಗೂ ಕೇಳುತ್ತದೆ. ನಡುವಿನ ಪಿಕಪ್ ಉಲ್ಟಾ ಸುತ್ತು, ಉಲ್ಟಾ ಧ್ರುವದ್ದು ಅಂತ ಖಾತ್ರಿ ಮಾಡಿಕೊಳ್ಳಿ. ಆಗ ಸ್ವಿಚ್ಚಿನ ಎರಡು ಮತ್ತು ನಾಲ್ಕನೇ ಸ್ಥಾನದಲ್ಲಿ ಗುಂಯ್ ಸದ್ದು ಅಡಗುತ್ತದೆ.

ಹಂಬಕರ್‌ಗಳಲ್ಲಿ ಕಥೆ ಬೇರೆ. ಅಲ್ಲಿ ಸೆರಾಮಿಕ್ ಅಂದ ಮಾತ್ರಕ್ಕೆ ಕೀಳಲ್ಲ. ಉಕ್ಕಿನ ಸ್ಕ್ರೂ, ಸ್ಲಗ್‌ಗಳು ದುಬಾರಿಯದ್ದರಲ್ಲೂ ಇರುತ್ತವೆ. ಮೊದಲು ನೋಡಬೇಕಾದ್ದು ಕವರ್. ಫಳಫಳ ಹೊಳೆಯುವ ಕ್ರೋಮಿನ ಕೆಳಗೆ ಹಿತ್ತಾಳೆ ಇದ್ದರೆ ಅದೂ ಎಡ್ಡಿ ಕರೆಂಟಿನಿಂದ ಟ್ರೆಬಲ್ ತಿನ್ನುತ್ತದೆ. ಒಳ್ಳೆಯ ಕವರ್ ನಿಕಲ್ ಸಿಲ್ವರ್‌ನದ್ದು. ಇರುವ ಪಿಕಪ್ಪಿನ ಕವರನ್ನು ಎರಡು ಬದಿಯ ಬೆಸುಗೆ ಕರಗಿಸಿ ತೆಗೆದು ಕೇಳಿ, ಅದೂ ಸಾಲದಿದ್ದರೆ ಹೊಸದನ್ನು ಯೋಚಿಸಿ. ಕವರ್ ಎಬ್ಬಿಸುವಾಗ ಕತ್ತಿ ಒಳಗೆ ಜಾರಿದರೆ ಸುರುಳಿಯ ಕಥೆ ಮುಗಿದಂತೆ. ಎಲ್ಲ ರೀತಿಯ ಸಂಗೀತಕ್ಕೂ ಒಗ್ಗುವುದು ನೆಕ್‌ನಲ್ಲಿ 7.5, ಬ್ರಿಡ್ಜ್‌ನಲ್ಲಿ 8ರಿಂದ 8.5 ಕಿಲೋ ಓಂ ಬರುವ, 42ನೇ ಗೇಜ್ ಅಲ್ನಿಕೋ ಜೋಡಿ. ಚರ್ಚಿನ ಹಾಡಿಗೂ ಮದುವೆಯ ಆರ್ಕೆಸ್ಟ್ರಾಕ್ಕೂ ಇಷ್ಟು ಸಾಕು. ಮೆಟಲ್ ಮಾತ್ರ ನುಡಿಸುವವರು ಬ್ರಿಡ್ಜ್‌ಗೆ ಸೆರಾಮಿಕ್ ತಗೊಳ್ಳಲಿ. ಗೇನ್ ಹೆಚ್ಚಿಸುವುದು ಆಂಪಿನ ಗುಂಡಿಯಲ್ಲೂ ಆಗುತ್ತದೆ ಅನ್ನುವುದು ನೆನಪಿರಲಿ.

ಟೆಲಿ (ಫೆಂಡರ್ ಟೆಲಿಕಾಸ್ಟರ್) ಮಾದರಿಯವರಿಗೆ ಎರಡು ಮಾತು: ನೆಕ್ ಪಿಕಪ್ಪಿನ ಲೋಹದ ಕವರಿಗೆ ಬೇರೆ ಗ್ರೌಂಡ್ ವೈರ್ ಇರುವುದನ್ನೇ ಕೊಳ್ಳಿ, ಬ್ರಿಡ್ಜ್ ಪಿಕಪ್ಪಿನ ತಳದಲ್ಲಿ ಲೋಹದ ಪ್ಲೇಟ್ ಇದೆಯಾ ನೋಡಿ. ಹಲವು ಗಿಟಾರುಗಳಲ್ಲಿ ತಂತಿಗಳ ಗ್ರೌಂಡ್ ಆ ಪ್ಲೇಟಿನ ಮೂಲಕವೇ ಹೋಗುತ್ತದೆ.

ಅಳತೆಯ ವಿಚಾರ ಬೇಜಾರಿನದ್ದು, ದುಡ್ಡು ಕಳೆಯುವುದೂ ಅಲ್ಲೇ. ಮೊದಲ ಮತ್ತು ಆರನೇ ಪೋಲ್‌ಪೀಸಿನ ನಡುವಿನಿಂದ ನಡುವಿಗೆ ಅಳೆಯಿರಿ. ಹಂಬಕರ್‌ಗಳು ಸುಮಾರು 50 ಮತ್ತು 52-53 ಮಿ.ಮೀ. ಎರಡು ಬಗೆಯಲ್ಲಿ ಬರುತ್ತವೆ. ಟ್ರೆಮೊಲೊ ಬ್ರಿಡ್ಜಿನ ಗಿಟಾರಿಗೆ ಹೆಚ್ಚಾಗಿ ಅಗಲದ್ದು ಬೇಕು. ಸಿಂಗಲ್ ಕಾಯಿಲ್‌ಗಳಲ್ಲೂ 48, 50, 52 ಅಂತಿವೆ. ಪೋಲ್‌ಪೀಸ್ ಒಂದು ಮಿ.ಮೀ. ಆಚೀಚೆ ಆದರೆ ಸದ್ದಿಗೆ ಅಂಥ ನಷ್ಟವಿಲ್ಲ, ಕವರ್ ಮಾತ್ರ ಅದಲುಬದಲು ಮಾಡಲು ಬರುವುದಿಲ್ಲ. ಬಾಡಿಯಲ್ಲಿ ಕೊರೆದ ಗುಂಡಿಯ ಆಳ ಅಳೆಯಿರಿ. ತೆಳು ಬಾಡಿಯ ಗಿಟಾರಿನಲ್ಲಿ ಉದ್ದ ಕಾಲಿನ ಹಂಬಕರ್ ತಳಕ್ಕೆ ತಾಗಿ ಕೂರುತ್ತದೆ, ಇಳಿಸಲು ಜಾಗ ಇರುವುದಿಲ್ಲ. ಹೊಸ ಪಾಟ್ ಹಾಕುವವರು ತೂತನ್ನೂ ನೋಡಬೇಕು: ಚಿಕ್ಕ ಪಾಟಿಗೆ 7 ಮಿ.ಮೀ. ಇದ್ದರೆ, ಅಮೆರಿಕದ ದೊಡ್ಡ ಪಾಟಿಗೆ 9.5 ಮಿ.ಮೀ. ಬೇಕು. ಪ್ಲಾಸ್ಟಿಕ್ ಪಿಕ್‌ಗಾರ್ಡನ್ನು ಡ್ರಿಲ್ಲಿನಲ್ಲಿ ಒಮ್ಮೆಲೇ ದೊಡ್ಡದು ಮಾಡಲು ಹೋದರೆ ಸೀಳುತ್ತದೆ, ರೀಮರೋ ದುಂಡು ಅರವೋ ಸಾಕು.

ಹೊರದೇಶದಿಂದ ತರಿಸುವ ಆಲೋಚನೆ ಇದ್ದರೆ ಕಸ್ಟಮ್ಸ್ ಮತ್ತು ಕೊರಿಯರ್ ಶುಲ್ಕ ಸೇರಿಸಿ ಲೆಕ್ಕ ಹಾಕಿ. ಅಲಿಎಕ್ಸ್‌ಪ್ರೆಸ್ ಆ್ಯಪನ್ನು 2020ರ ನವೆಂಬರ್‌ನಲ್ಲಿ ಸರ್ಕಾರ ನಿಷೇಧಿಸಿತು. ಅಲ್ಲಿ ಕಡಿಮೆಗೆ ಸಿಗುತ್ತದೆ ಅನ್ನುವ ಹಳೇ ಸಲಹೆಗಳನ್ನು ಇಲ್ಲಿಯವರು ಪಕ್ಕಕ್ಕಿಡಬೇಕು. ಹಳೇ ಗಿಟಾರಿನಿಂದ ಬಿಚ್ಚಿದ ಸೆಟ್ ಕೈಬದಲಾಗುವ ಬೆಂಗಳೂರಿನ ಸಂಗೀತಗಾರರ ಗುಂಪುಗಳು ಒಳ್ಳೆಯ ಮೂಲ. ಮೀಟರ್ ಹಿಡಿದು ಓಂ ತೋರಿಸುವ ಫೋಟೊ ಕೇಳಿ ತರಿಸಿಕೊಳ್ಳಿ. ಸುಟ್ಟ ಪಿಕಪ್ಪಿನ ಸುರುಳಿ ಹೊಸದಾಗಿ ಸುತ್ತಿಸೋಣ ಅಂತ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಪಿಕಪ್ಪಿನ 42 ಅಮೆರಿಕದ ಗೇಜು, 0.063 ಮಿ.ಮೀ. ನಮ್ಮ ವೈಂಡಿಂಗ್ ಅಂಗಡಿಗಳ ಲೆಕ್ಕ ಬ್ರಿಟಿಷ್ ಗೇಜು; ಅದರಲ್ಲಿ 42 ಅಂದರೆ 0.1 ಮಿ.ಮೀ. ಆ ವೈರಿನಲ್ಲಿ ಸ್ಟ್ರಾಟ್ ಬಾಬಿನ್ನಿಗೆ ಬೇಕಾದ ಸುಮಾರು ಎಂಟು ಸಾವಿರ ಸುತ್ತು ಹಿಡಿಸುವುದೇ ಇಲ್ಲ. ಕೇಳುವುದಿದ್ದರೆ 46 ಅಂತ ಕೇಳಬೇಕು, ಮತ್ತು ಸಿಗದು ಅಂದುಕೊಂಡೇ ಹೋಗಬೇಕು.

ಪಿಕಪ್ ಕೈಗೆ ಬಂತು. ಗಿಟಾರಿಗೆ ಹಾಕುವ ಮೊದಲು ಮೇಜಿನ ಮೇಲೇ ಪರೀಕ್ಷೆ ಆಗಲಿ. ಡಿಜಿಟಲ್ ಮಲ್ಟಿಮೀಟರನ್ನು 20 ಕಿಲೋ ಓಂಗೆ ಇಟ್ಟು ಲೀಡ್‌ಗಳಿಗೆ ಹಿಡಿಯಿರಿ. ಅಂಕಿ ನಿಂತ ಮೇಲೆ ಉಕ್ಕಿನ ಸ್ಕ್ರೂಡ್ರೈವರನ್ನು ಪೋಲ್‌ಪೀಸಿಗೆ ತಾಗಿಸಿ ಸರಕ್ಕನೆ ಎತ್ತಿ. ಆ ಕ್ಷಣ ಅಂಕಿ ಒಮ್ಮೆ ಮೇಲಕ್ಕೋ ಕೆಳಕ್ಕೋ ಜಿಗಿಯುತ್ತದೆ. ಸೆಟ್ಟಿನ ಮೂರೂ ಪಿಕಪ್ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಎದುರು ಜಿಗಿದರೆ ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ಸದ್ದು ಮೂಗಿನಿಂದ ಬಂದಂತೆ ತೆಳ್ಳಗಾಗುತ್ತದೆ. ಅದರ ಎರಡು ಲೀಡನ್ನು ಅದಲುಬದಲು ಮಾಡಿದರೆ ಸರಿ. ಲೋಹದ ಜಾಲರಿ ಹೊದಿಸಿದ ಒಂಟಿ ವೈರಿನ ಹಂಬಕರಿನಲ್ಲಿ ಮಾತ್ರ ಹೀಗೆ ಮಾಡಬಾರದು. ಜಾಲರಿ ಕವರಿಗೆ, ತಳದ ಪ್ಲೇಟಿಗೆ ಸೇರಿರುವುದರಿಂದ ಅದು ಗ್ರೌಂಡಿಗೇ ಹೋಗಬೇಕು. ಅಲ್ಲಿ ಮ್ಯಾಗ್ನೆಟ್ ಹೊರತೆಗೆದು ಮಗುಚಿ ಹಾಕುವುದೇ ದಾರಿ.

ನಾಲ್ಕು ವೈರಿನ ಹಂಬಕರಿನಲ್ಲಿ ಬಣ್ಣದ ಗೊಂದಲ. ಸೇಮೂರ್ ಡಂಕನ್ ಪದ್ಧತಿಯಲ್ಲಿ ಕಪ್ಪು ಹಾಟ್ (ಸಿಗ್ನಲ್ ಒಯ್ಯುವ ವೈರ್), ಬಿಳಿ-ಕೆಂಪು ಒಟ್ಟಿಗೆ ಬೆಸೆದು ಟೇಪ್ ಸುತ್ತಬೇಕು, ಹಸಿರು ಮತ್ತು ಬರಿ ವೈರ್ ಗ್ರೌಂಡ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು-ಬಿಳಿ ಜೋಡಿ, ಹಸಿರು ಗ್ರೌಂಡ್. ಅಗ್ಗದ ಮಾಲಿನಲ್ಲಿ ಯಾವ ಪದ್ಧತಿ ಅಂತ ಚೀಟಿಯನ್ನು ನಂಬಬೇಡಿ, ಮೀಟರಿಗೇ ಕೇಳಿ. ಓಂ ತೋರಿಸುವ ಜೋಡಿಗಳೇ ಒಂದೊಂದು ಸುರುಳಿ. ಪ್ರತಿ ಸುರುಳಿಗೂ ಸ್ಕ್ರೂಡ್ರೈವರ್ ಪರೀಕ್ಷೆ ಮಾಡಿ, ಎತ್ತಿದಾಗ ಅಂಕಿ ಮೇಲಕ್ಕೆ ಜಿಗಿದರೆ ಕೆಂಪು ಪ್ರೋಬ್ ಇರುವ ವೈರಿಗೆ ಪ್ಲಸ್ ಅಂತ ಗುರುತು ಹಾಕಿ. ಒಂದರ ಮೈನಸ್ಸಿಗೆ ಇನ್ನೊಂದರ ಪ್ಲಸ್ ಬೆಸೆಯಿರಿ. ಉಳಿದ ಪ್ಲಸ್ ಹಾಟ್, ಉಳಿದ ಮೈನಸ್ ಗ್ರೌಂಡ್.

ಗೇನ್ ಏರಿಸಿ ಪಿಕಪ್ಪಿನ ಮೇಲೆ ಉಗುರಿನಿಂದ ಕುಟ್ಟಿದಾಗ ಮೈಕಿಗೆ ಕುಟ್ಟಿದ ಹಾಗೆ ಕೇಳಿದರೆ, ಆಂಪಿನ ಹತ್ತಿರ ಹೋದಾಗ ಕೀಂ ಅಂತ ಕಿರುಚಿದರೆ, ಒಳಗಿನ ಸುತ್ತು ಸಡಿಲ ಇದೆ, ಮೇಣ ಸಾಲದು. ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಜೇನುಮೇಣಕ್ಕೆ ಕೊಡಗಿನಲ್ಲಿ ಬರವಿಲ್ಲ. ಭಾಗಮಂಡಲದ ಕಡೆ ಜೇನು ಸಾಕುವವರನ್ನು ಕೇಳಿದರೆ ಆದೀತು, ಆದರೆ ಬಟ್ಟೆಯಲ್ಲಿ ಸೋಸಿ ಕಸ ತೆಗೆಯಬೇಕು. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಮೇಣ ಕರಗಿಸಿ, ಥರ್ಮಾಮೀಟರಿನಲ್ಲಿ 65 ಡಿಗ್ರಿ ದಾಟದಂತೆ ಕಾಯಿರಿ. 70 ದಾಟಿದರೆ ಕೆಲವು ಪ್ಲಾಸ್ಟಿಕ್ ಬಾಬಿನ್‌ಗಳು ಸೊಟ್ಟಗಾಗುತ್ತವೆ. ಪಿಕಪ್ ತಳಕ್ಕೆ ತಾಗದ ಹಾಗೆ ವೈರಿನಲ್ಲಿ ತೂಗುಹಾಕಿ. ಮೊದಲು ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ, ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲುತ್ತವೆ; ನಿಂತಾಗ ಎತ್ತಿ ಒರೆಸಿ. ಗ್ಯಾಸ್ ಉರಿಯ ಮೇಲೆ ನೇರ ಮೇಣ ಇಡುವ ಧೈರ್ಯ ಯಾರಿಗೂ ಬೇಡ, ಬೆಂಕಿ ಹತ್ತಿಕೊಳ್ಳುತ್ತದೆ. ಎಲೆಕ್ಟ್ರಿಕ್ ಒಲೆ ಇದ್ದರೆ ಅದೇ ವಾಸಿ.

ಬೆಸುಗೆಯಲ್ಲಿ ಹೆಚ್ಚಿನವರು ಎಡವುವುದು ಪಾಟಿನ ಬೆನ್ನಿಗೆ ಗ್ರೌಂಡ್ ಹಾಕುವಾಗ. 25 ವ್ಯಾಟಿನ ಐರನ್ ಸ್ವಿಚ್ಚಿನ ಕಾಲಿಗೆ ಸರಿ, ಪಾಟಿನ ಬೆನ್ನು ಆ ಶಾಖವನ್ನೆಲ್ಲ ಹೀರಿಬಿಡುತ್ತದೆ. ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗಿನ ಕಾರ್ಬನ್ ಪಟ್ಟಿ ಬೆಂದುಹೋಗುತ್ತದೆ, ಸೋಲ್ಡರ್ ಮಾತ್ರ ಗೋಲಿಯಾಗಿ ಮೇಲೇ ಕೂರುತ್ತದೆ. 40 ವ್ಯಾಟಿನ ಐರನ್, ಅಗಲ ಮೊನೆ, ಬೆನ್ನನ್ನು ಮರಳು ಕಾಗದದಲ್ಲಿ ಉಜ್ಜಿ ಮೊದಲೇ ಸೋಲ್ಡರ್ ಸವರಿಡುವುದು, ಮೂರ್ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಸುವುದು. ರೋಸಿನ್ ತುಂಬಿದ 60/40 ಸೋಲ್ಡರ್ ಸಾಕು. ತಗಡಿಗೆ ಹಾಕುವ ಆಸಿಡ್ ಫ್ಲಕ್ಸ್ ಮಾತ್ರ ಹತ್ತಿರ ತರಬೇಡಿ. ನಮ್ಮ ತೇವದಲ್ಲಿ ಅದರ ಶೇಷ ಕೂದಲೆಳೆಯಂಥ ವೈರನ್ನು ಒಂದೇ ಮಳೆಗಾಲದಲ್ಲಿ ಹಸಿರು ಹಿಡಿಸಿ ತಿಂದುಬಿಡಬಹುದು. ಹಳೇ ವೈರ್ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಬ್ರಿಡ್ಜ್ ಕಡೆಯಿಂದ ಬರುವ ಒಂಟಿ ಗ್ರೌಂಡ್ ವೈರ್ ಮರೆಯಬೇಡಿ. ತಂತಿ ಮುಟ್ಟಿದಾಗ ಸದ್ದು ಕಮ್ಮಿಯಾದರೆ ಆ ವೈರ್ ಸರಿಯಿದೆ. ಮುಟ್ಟಿದಾಗ ಹೆಚ್ಚಾದರೆ ಮೊದಲು ಜಾಕಿನ ಎರಡು ವೈರ್ ಉಲ್ಟಾ ಆಗಿದೆಯಾ ನೋಡಿ. ಮೈಕಿಗೆ ತುಟಿ ತಾಗಿದಾಗ ಜುಂ ಅಂದರೆ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಅದು ಹೆಚ್ಚಾಗಿ ಗಿಟಾರಿನ ದೋಷವಲ್ಲ, ಮನೆಯ ಅರ್ತಿಂಗೋ ಆಂಪೋ ಕೆಟ್ಟಿರಬಹುದು, ಎಲೆಕ್ಟ್ರಿಷಿಯನ್ ಬರಲಿ.

ಗುಂಯ್ ಸದ್ದಿನ ವಿಚಾರ ಉಳಿಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಲೈನ್ ಹೋದರೆ ಕೊಡಗಿನ ಮನೆಗಳು ಇನ್‌ವರ್ಟರ್ ಮೇಲೆ ನಡೆಯುತ್ತವೆ. ಸ್ಕ್ವೇರ್ ವೇವ್ ಇನ್‌ವರ್ಟರಿನ ಕರೆಂಟಿನಲ್ಲಿ 50 ಹರ್ಟ್ಸ್ ಜೊತೆಗೆ 150, 250, 350ರ ಮೇಲ್‌ಸ್ವರಗಳೂ (ಹಾರ್ಮೋನಿಕ್) ತುಂಬಿರುತ್ತವೆ. ಲೈನ್ ಕರೆಂಟಿನಲ್ಲಿ ಮೆಲ್ಲಗೆ ಗುಂಯ್ ಅನ್ನುತ್ತಿದ್ದ ಸಿಂಗಲ್ ಕಾಯಿಲ್ ಇದರಲ್ಲಿ ಗರಗಸದ ಥರ ಕೂಗುತ್ತದೆ. ಬಾಡಿಯ ಗುಂಡಿಗೆ ತಾಮ್ರದ ಟೇಪ್ ಹಚ್ಚಿ ಗ್ರೌಂಡಿಗೆ ಸೇರಿಸಿದರೆ ಟ್ಯೂಬ್‌ಲೈಟ್, ಎಲ್‌ಇಡಿ, ಡಿಮ್ಮರುಗಳ ಝರ್ ಕಮ್ಮಿಯಾಗುತ್ತದೆ. ಟೇಪಿನ ಅಂಟು ಕರೆಂಟ್ ಹಾಯಿಸುವಂಥದ್ದಾಗಿರಬೇಕು. ಅಲ್ಲದಿದ್ದರೆ ಪ್ರತಿ ಜೋಡಣೆಗೂ ಒಂದು ಚುಕ್ಕೆ ಸೋಲ್ಡರ್ ಹಾಕಿ, ಮೀಟರಿನಲ್ಲಿ ಒಂದು ಓಂನೊಳಗೆ ಬರುವುದನ್ನು ನೋಡಿ. ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರವನ್ನು ತಾಮ್ರ ತಡೆಯುವುದಿಲ್ಲ. ಅದಕ್ಕೆ ಇನ್‌ವರ್ಟರಿನಿಂದ ಮೂರು ಮೀಟರ್ ದೂರ ಕೂತು, ಸದ್ದು ಇಳಿಯುವ ದಿಕ್ಕಿಗೆ ತಿರುಗುವುದು, ಇಲ್ಲವೇ ಹಂಬಕರ್. ಸಿಂಗಲ್ ಕಾಯಿಲ್ ಗಾತ್ರದ ರೈಲ್ ಪಿಕಪ್‌ಗಳು (ಗುಂಡಿಗಳ ಬದಲು ಉದ್ದ ಪಟ್ಟಿ ಇರುವ, ಎರಡು ಸುರುಳಿಯವು) ಅಗ್ಗಕ್ಕೆ ಸಿಗುತ್ತವೆ, ಗುಂಯ್ ಹೋಗುತ್ತದೆ. 12 ಕಿಲೋ ಓಂಗಿಂತ ಮೇಲಿನವುಗಳಲ್ಲಿ ಸ್ಟ್ರಾಟಿನ ಹೊಳಪೂ ಹೋಗುತ್ತದೆ. ಬ್ರಿಡ್ಜ್‌ನಲ್ಲಿ ಮಾತ್ರ ಒಂದು ಹಾಕಿಕೊಳ್ಳುವುದು ಒಪ್ಪುವಂಥ ರಾಜಿ. ಹಾಗೆ ಹಾಕಿದಾಗ ವಾಲ್ಯೂಮ್ ಪಾಟ್ 500 ಮಾಡಿ, ಉಳಿದ ಎರಡು ಸಿಂಗಲ್ ಕಾಯಿಲ್‌ಗಳ ಸಿಗ್ನಲ್ಲಿನಿಂದ ಗ್ರೌಂಡಿಗೆ ಒಂದೊಂದು 470 ಕಿಲೋ ಓಂ ರೆಸಿಸ್ಟರ್ ಹಾಕಿದರೆ ಅವುಗಳಿಗೆ ಹತ್ತಿರಹತ್ತಿರ 242 ಕಿಲೋ ಓಂ ಸಿಕ್ಕಿ ಕಿರಿಚುವುದು ತಪ್ಪುತ್ತದೆ.

ಪಿಕಪ್ಪಿನ ಎತ್ತರದ ಸ್ಪ್ರಿಂಗುಗಳು ಇಲ್ಲಿನ ಹವೆಗೆ ತುಕ್ಕು ಹಿಡಿಯುತ್ತವೆ. ಅವುಗಳ ಜಾಗಕ್ಕೆ ಅಕ್ವೇರಿಯಂನ 4 ಮಿ.ಮೀ. ಒಳವ್ಯಾಸದ ಸಿಲಿಕೋನ್ ಗಾಳಿಕೊಳವೆ ಕತ್ತರಿಸಿ ಹಾಕಬಹುದು. ಅಲ್ನಿಕೋ ರಾಡ್‌ನಲ್ಲೂ ಕಬ್ಬಿಣ ಇದೆ. ಮೇಲ್ತುದಿ ಕಂದುಗಟ್ಟಿದರೆ ಮರಳು ಕಾಗದ ಹಾಕಿ ಪುಡಿ ಉದುರಿಸಬೇಡಿ, ಅದು ಮ್ಯಾಗ್ನೆಟ್ಟಿಗೇ ಅಂಟುತ್ತದೆ. ಟೇಪ್ ಅಂಟಿಸಿ ಕೀಳಿ, ಬಟ್ಟೆಯಲ್ಲಿ ಒಂದು ಹನಿ ಮೆಷಿನ್ ಎಣ್ಣೆ ಸವರಿ. ಬಟ್ಟೆ ಒಣಗಿಸುವ ಒಲೆಯ ಪಕ್ಕ ಗಿಟಾರ್ ತೂಗುಹಾಕಿದರೆ ಬೂಷ್ಟು ಬರುವುದಿಲ್ಲ ನಿಜ, ನೆಕ್ ತಿರುಚಿಕೊಳ್ಳುತ್ತದೆ. ಕೇಸಿನೊಳಗೆ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಬಿಸಿಮಾಡಿ ಒಣಗಿಸಿ ಮತ್ತೆ ಇಡುವುದು ವಾಸಿ. ಮಳೆಗಾಲ ಮುಗಿದ ಮೇಲೆ ಒಂದು ಪಿಕಪ್ ಮಾತ್ರ ಇದ್ದಕ್ಕಿದ್ದಂತೆ ತೆಳ್ಳಗೆ, ದೂರದಿಂದ ಬಂದಂತೆ ಕೇಳಿದರೆ ಅದರ ಸುರುಳಿ ಎಲ್ಲೋ ತುಂಡಾಗಿದೆ, ಮೀಟರ್ ಓಂ ತೋರಿಸುವುದಿಲ್ಲ. ಎಸೆಯುವ ಮುಂಚೆ ಲೀಡ್ ಸೇರುವ ಎರಡು ಕಣ್ಣುಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಗ್ಗದವುಗಳಲ್ಲಿ ಆ ವೈರ್ ಹೆಚ್ಚಾಗಿ ಕಡಿಯುವುದು ಅಲ್ಲಿಯೇ. ಹೊರಸುತ್ತಿನ ಕೊನೆ ಕಡಿದಿದ್ದರೆ ಒಂದು ಸುತ್ತು ಬಿಚ್ಚಿ, ತುದಿಯ ಎನಾಮೆಲ್ ಕೆರೆದು ಮತ್ತೆ ಬೆಸೆಯಬಹುದು. ಒಳಸುತ್ತಿನ ಕೊನೆ ಕಡಿದಿದ್ದರೆ ಹೊಸ ಪಿಕಪ್ಪೇ ಗತಿ.